ಫ್ರೆಂಡ್‌ಶಿಪ್ ಪೀಕ್: ಜೂನ್ ಹಿಮವೋ, ಅಕ್ಟೋಬರ್ ಐಸೋ?

ಹಿಮಾಚಲದ ಮನಾಲಿ ಹತ್ತಿರದ ಫ್ರೆಂಡ್‌ಶಿಪ್ ಪೀಕ್ ಹತ್ತಬೇಕು ಅಂತ ಹೊರಟವರು ಮೊದಲು ಕೇಳುವುದು ಯಾವ ತಿಂಗಳು ಒಳ್ಳೆಯದು ಅಂತ. ಮಳೆಗಾಲಕ್ಕೆ ಮುಂಚಿನ ಮೇ ಕೊನೆ ಮತ್ತು ಜೂನ್ ಒಂದು ಆಯ್ಕೆ. ಮಳೆ ನಿಂತ ಮೇಲಿನ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಇನ್ನೊಂದು. ಎರಡೂ ಕಾಲದಲ್ಲಿ ಈ ಬೆಟ್ಟಕ್ಕೆ ಹೋಗಿದ್ದೇನೆ. ಬೆಟ್ಟ ಅದೇ, ಎತ್ತರ ಅದೇ 5,289 ಮೀಟರ್, ಕ್ಯಾಂಪ್ ಹಾಕುವ ಜಾಗಗಳೂ ಹೆಚ್ಚುಕಮ್ಮಿ ಅವೇ. ಕಾಲ ಕೆಳಗೆ ಸಿಗುವ ನೆಲ ಮಾತ್ರ ಪೂರ್ತಿ ಬೇರೆ. ಮೊದಲ ಸಲ ಹಿಮದ ಶಿಖರ ಹತ್ತುವವರಿಗಾದರೆ ನನ್ನ ಓಟು ಜೂನ್ ಮೊದಲ ಎರಡು ವಾರಕ್ಕೆ. ಯಾಕೆ ಅಂತ ಹೇಳುತ್ತೇನೆ. ಅಕ್ಟೋಬರ್ ಯಾರಿಗೆ ಹೊಂದುತ್ತದೆ ಅನ್ನುವುದನ್ನೂ ಹೇಳುತ್ತೇನೆ.

ಕೆಳಗಿನ ದಾರಿ

ಮನಾಲಿಯಿಂದ ಸೋಲಾಂಗ್ ದಾಟಿ ಧುಂದಿವರೆಗೆ ಗಾಡಿ ಹೋಗುತ್ತದೆ. 2020ರಲ್ಲಿ ತೆರೆದ ಅಟಲ್ ಸುರಂಗದ ದಕ್ಷಿಣದ ಬಾಯಿ ಅದರ ಹತ್ತಿರವೇ ಇದೆ. ಧುಂದಿಯಿಂದ ಬಿಯಾಸ್ ಕುಂಡದ ಕಣಿವೆ ಹಿಡಿದು ಬಕರ್‌ಥಾಚ್ ಹುಲ್ಲುಗಾವಲು. ಅದು ಸುಮಾರು 3,300 ಮೀಟರ್. ಅಲ್ಲಿಂದ ಸುಮಾರು 3,800 ಮೀಟರ್ ಎತ್ತರದ ಲೇಡಿ ಲೆಗ್ ಕ್ಯಾಂಪ್. ಆಮೇಲೆ ಶಿಖರ. ಕೆಲವು ತಂಡಗಳು ಮಧ್ಯದಲ್ಲಿ ಇನ್ನೊಂದು ಕ್ಯಾಂಪ್ ಹಾಕುತ್ತವೆ.

ಬಕರ್‌ಥಾಚ್‌ವರೆಗೆ ಎರಡೂ ಕಾಲದಲ್ಲಿ ಕಷ್ಟ ಏನಿಲ್ಲ. ಜೂನ್‌ನಲ್ಲಿ ಹಸಿರು ಹುಲ್ಲು, ಗದ್ದಿ ಕುರುಬರ ಮಂದೆಗಳು, ಎಲ್ಲೆಲ್ಲೂ ನೀರು. ಅಕ್ಟೋಬರ್‌ನಲ್ಲಿ ಹುಲ್ಲು ಕಂದಾಗಿರುತ್ತದೆ, ಮಂದೆಗಳು ಕೆಳಗಿಳಿದಿರುತ್ತವೆ, ಹಳ್ಳಗಳಲ್ಲಿ ನೀರು ಇಳಿದಿರುತ್ತದೆ. ಹಳ್ಳ ದಾಟುವುದಕ್ಕೆ ಅಕ್ಟೋಬರೇ ವಾಸಿ. ಜೂನ್‌ನಲ್ಲಿ ಬೆಳಿಗ್ಗೆ ಮೊಣಕಾಲಿಗಿಂತ ಕೆಳಗಿದ್ದ ಹಳ್ಳ ಮಧ್ಯಾಹ್ನದ ಹೊತ್ತಿಗೆ ಸದ್ದು ಮಾಡಿಕೊಂಡು ಬರುತ್ತದೆ. ಮೇಲೆ ಹಿಮ ಕರಗಿದ ನೀರು ಕೆಳಗೆ ಬರಲು ಅಷ್ಟು ಹೊತ್ತು ಹಿಡಿಯುತ್ತದೆ. ಹಾಗಾಗಿ ದಾಟುವುದಿದ್ದರೆ ಬೆಳಿಗ್ಗೆಯೇ ದಾಟಬೇಕು.

ಬಕರ್‌ಥಾಚ್ ಬಿಟ್ಟ ಮೇಲೆ ವ್ಯತ್ಯಾಸ ಶುರುವಾಗುತ್ತದೆ. ಅಕ್ಟೋಬರ್‌ನಲ್ಲಿ ಅಲ್ಲಿಂದ ಮೇಲೆ ಬರೀ ಮೊರೇನ್. ಹಿಮನದಿ ತಳ್ಳಿಕೊಂಡು ಬಂದು ಬಿಟ್ಟುಹೋದ ಕಲ್ಲಿನ ರಾಶಿ ಅದು. ಒಂದು ಕಲ್ಲೂ ಊರಿ ಕೂತಿಲ್ಲ. ಚೀಲ ಹೊತ್ತುಕೊಂಡು ಒಂದು ಬಂಡೆಯಿಂದ ಇನ್ನೊಂದಕ್ಕೆ ಕಾಲಿಡುವಾಗ ಎಲ್ಲಾ ಜಾರುತ್ತದೆ. ಬೆಳಿಗ್ಗೆ ಹೊತ್ತು ಹಳ್ಳದ ಪಕ್ಕದ ಕಲ್ಲುಗಳ ಮೇಲೆ ಗಾಜಿನಂಥ ತೆಳು ಐಸ್ ಪದರ ಇರುತ್ತದೆ. ಟಾರ್ಚ್ ಬೆಳಕಿನಲ್ಲಿ ಅದು ಸುಮ್ನೆ ಒದ್ದೆ ಕಲ್ಲಿನ ಹಾಗೆ ಕಾಣುತ್ತದೆ. ಕ್ರ್ಯಾಂಪಾನ್ (ಬೂಟಿನ ಅಡಿಗೆ ಕಟ್ಟುವ ಮೊಳೆಗಳ ಚೌಕಟ್ಟು) ಹಾಕುವಷ್ಟು ದಪ್ಪ ಇಲ್ಲ, ಬೂಟಿನಲ್ಲಿ ನಿಲ್ಲುವಷ್ಟು ಒರಟೂ ಇಲ್ಲ. ಮೇಲಿನ ಹಿಮದ ಇಳಿಜಾರಿಗಿಂತ ಈ ಕಲ್ಲುಗಳೇ ನನ್ನ ಮಂಡಿಯನ್ನು ಜಾಸ್ತಿ ದಣಿಸಿದವು.

ಜೂನ್ ಮೊದಲ ಭಾಗದಲ್ಲಿ ಇದೇ ಕಲ್ಲುರಾಶಿಯ ದೊಡ್ಡ ಪಾಲು ಹಿಮದ ಅಡಿಯಲ್ಲಿರುತ್ತದೆ. ನೇರವಾಗಿ ಹತ್ತಿಕೊಂಡು ಹೋಗಬಹುದು. ಬೂಟಿನ ಮೂತಿಯಿಂದ ಒದ್ದು ಮೆಟ್ಟಿಲು ಮಾಡಿಕೊಳ್ಳುವುದು, ಅದರಲ್ಲಿ ಕಾಲಿಡುವುದು, ಅಷ್ಟೇ. ಮುಂದಿನವರು ಮಾಡಿದ ಮೆಟ್ಟಿಲು ಹಿಂದಿನವರಿಗೂ ಆಗುತ್ತದೆ. ಇಳಿಯುವುದಂತೂ ಹಿಮ್ಮಡಿ ಊರಿ ದಾಪುಗಾಲು ಹಾಕಿಕೊಂಡು ಬೇಗ ಮುಗಿಯುತ್ತದೆ.

ಆದರೆ ಜೂನ್ ಹಿಮದಲ್ಲಿ ಎರಡು ಕಡೆ ಎಚ್ಚರ ಬೇಕು. ಒಂದು, ಹಿಮದಿಂದ ತಲೆ ಎತ್ತಿರುವ ಬಂಡೆಗಳ ಪಕ್ಕ. ಬಂಡೆ ಬಿಸಿಲಿಗೆ ಕಾದು ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸಿರುತ್ತದೆ. ಮೇಲೆ ಗಟ್ಟಿ ಕಂಡರೂ ಒಳಗೆ ಟೊಳ್ಳು. ಕಾಲಿಟ್ಟರೆ ತೊಡೆವರೆಗೆ ಇಳಿದುಬಿಡುತ್ತದೆ. ಮೈ ಮುಂದಕ್ಕೆ ಹೋಗಿ ಕಾಲು ಕಲ್ಲಿನ ಸಂದಿಯಲ್ಲೇ ಉಳಿದರೆ ಮೂಳೆ ಮುರಿಯುತ್ತದೆ. ಬಂಡೆಯಿಂದ ಒಂದು ಮಾರು ದೂರ ಬಳಸಿ ಹೋಗಿ. ಇನ್ನೊಂದು, ಹಳ್ಳದ ಮೇಲೆ ಉಳಿದಿರುವ ಹಿಮದ ಸೇತುವೆಗಳು. ನಿಂತು ಕಿವಿಗೊಟ್ಟರೆ ಅಡಿಯಲ್ಲಿ ನೀರು ಹರಿಯುವುದು ಕೇಳುತ್ತದೆ. ಮುಂಜಾನೆ ಭಾರ ತಡೆದ ಸೇತುವೆ ಮಧ್ಯಾಹ್ನ ತಡೆಯುತ್ತದೆ ಅಂತ ನಂಬಬೇಡಿ. ಮಧ್ಯ ತಗ್ಗಾಗಿದ್ದರೆ, ಬಣ್ಣ ಬೂದಿಗೆ ತಿರುಗಿದ್ದರೆ, ಬೇರೆ ದಾರಿ ಹುಡುಕಿ.

ಮೇಲಿನ ಹಿಮ

ಹತ್ತುವವರು ಎಷ್ಟು ಹಿಮ ಇದೆ ಅಂತ ಕೇಳುತ್ತಾರೆ. ರಾತ್ರಿ ಹೆಪ್ಪುಗಟ್ಟುತ್ತಿದೆಯಾ ಅಂತ ಕೇಳಬೇಕು. ಜೂನ್‌ನಲ್ಲಿ ಎಲ್ಲಾ ನಿಂತಿರುವುದು ಇದರ ಮೇಲೇ.

ಹಗಲು ಬಿಸಿಲಿಗೆ ಮೇಲಿನ ಹಿಮ ಕರಗಿ ನೀರಾಗಿ ಹರಳುಗಳ ಮಧ್ಯೆ ಇಳಿಯುತ್ತದೆ. ರಾತ್ರಿ ಆ ನೀರು ಹೆಪ್ಪುಗಟ್ಟಿ ಹರಳುಗಳನ್ನು ಬೆಸೆಯುತ್ತದೆ. ಬೆಳಗಿನ ಜಾವಕ್ಕೆ ಮೇಲೊಂದು ಗಟ್ಟಿ ಪದರ ಸಿದ್ಧ. ಕ್ರ್ಯಾಂಪಾನ್ ಮೊಳೆಗಳು ಅದರಲ್ಲಿ ಕರಕರ ಅಂತ ಕೂರುತ್ತವೆ. ಆ ಸದ್ದು ಕೇಳುತ್ತಿದ್ದರೆ ಮನಸ್ಸಿಗೆ ಧೈರ್ಯ.

ಇದರಲ್ಲಿ ಆಕಾಶದ ಪಾಲು ದೊಡ್ಡದು. ತಿಳಿ ಆಕಾಶ ಇದ್ದರೆ ಹಿಮ ತನ್ನ ಬಿಸಿಯನ್ನು ನೇರ ಮೇಲಕ್ಕೆ ಬಿಟ್ಟುಕೊಡುತ್ತದೆ. ಗಾಳಿಯ ಉಷ್ಣತೆ ಸೊನ್ನೆಗಿಂತ ಸ್ವಲ್ಪ ಮೇಲಿದ್ದರೂ ಹಿಮದ ಮೈ ಹೆಪ್ಪುಗಟ್ಟಬಹುದು. ಮೋಡ ಕವಿದರೆ ಆ ಬಿಸಿ ಹೊರಗೆ ಹೋಗುವುದಿಲ್ಲ, ರಾತ್ರಿಯೆಲ್ಲಾ ಹಿಮ ಹಸಿಯಾಗಿಯೇ ಇರುತ್ತದೆ. ಚಳಿ ಕಮ್ಮಿ ಇದೆ, ಒಳ್ಳೆಯ ರಾತ್ರಿ ಅಂತ ಟೆಂಟಿನಲ್ಲಿ ಖುಷಿಪಡುವವರನ್ನು ನೋಡಿದ್ದೇನೆ. ಜೂನ್‌ನಲ್ಲಿ ಅದು ಕೆಟ್ಟ ಸುದ್ದಿ. ಅಂಥ ಒಂದು ರಾತ್ರಿ ನಮ್ಮ ತಂಡ ಹೊರಟು, ಹೆಜ್ಜೆ ಹೆಜ್ಜೆಗೂ ಮೊಣಕಾಲುದ್ದ ಹೂತುಕೊಂಡು, ಮೊದಲ ಏರು ಮುಗಿಯುವ ಮೊದಲೇ ಗೈಡ್ ವಾಪಸ್ ಅಂದರು. ಅವರು ಐಸ್ ಆಕ್ಸಿನ (ಹಿಮ ಹತ್ತಲು ಬಳಸುವ ಚೂಪು ಕೊಡಲಿ) ಹಿಡಿಯನ್ನು ಹಿಮಕ್ಕೆ ಒತ್ತಿ ತೋರಿಸಿದರು. ಬೆಣ್ಣೆಗೆ ಚಾಕು ಇಳಿದ ಹಾಗೆ ಬುಡದವರೆಗೂ ಇಳಿಯಿತು. ಒಪ್ಪಿಕೊಳ್ಳಲು ಬೇರೆ ಸಾಕ್ಷಿ ಬೇಕಿರಲಿಲ್ಲ.

5,289 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕಿಂತ ಸ್ವಲ್ಪವೇ ಜಾಸ್ತಿ. ಅಲ್ಲಿ ಹೂತ ಕಾಲನ್ನು ಪ್ರತಿ ಸಲ ಎತ್ತಿ ಇಡುವುದು ಎಷ್ಟು ಸುಸ್ತು ಅಂತ ಹತ್ತಿದವರಿಗೇ ಗೊತ್ತು. ಅದಕ್ಕಿಂತ ದೊಡ್ಡ ಚಿಂತೆ ಹಿಮಕುಸಿತ. ಹಿಮ ಸಾಮಾನ್ಯವಾಗಿ ಜಾರುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ನಾವು ಹತ್ತುವುದೂ ಅಂಥ ಕಡೆಯೇ. ಬಿಸಿಲೇರಿ ಹಿಮ ನೆನೆದಾಗ ಅಪಾಯ ಏರುತ್ತದೆ. ಮೇಲಿನಿಂದ ಸಣ್ಣ ಹಿಮದ ಉಂಡೆಗಳು ಉರುಳಿ ಬರಲು ಶುರುವಾದರೆ ಇಳಿಯುವ ಹೊತ್ತಾಯಿತು ಅಂತ ಲೆಕ್ಕ. ಅದಕ್ಕೇ ಜೂನ್‌ನಲ್ಲಿ ಮಧ್ಯರಾತ್ರಿಗೆ ಹೊರಡುವುದು. ಸೂರ್ಯ ಸುಮಾರು 5:15ಕ್ಕೇ ಹುಟ್ಟುತ್ತಾನೆ. ಒಂಬತ್ತು, ಒಂಬತ್ತೂವರೆ ಆದರೂ ತುದಿ ಕಾಣದಿದ್ದರೆ ನಾನಾದರೆ ತಿರುಗುತ್ತೇನೆ.

ಅಕ್ಟೋಬರ್‌ನಲ್ಲಿ ಗಡಿಯಾರದ ಒತ್ತಡ ಇಷ್ಟಿಲ್ಲ. ರಾತ್ರಿ ಹೆಪ್ಪುಗಟ್ಟುತ್ತದೋ ಇಲ್ಲವೋ ಅನ್ನುವ ಅನುಮಾನವೂ ಕಮ್ಮಿ. ನಾನು ಹೋದಾಗ ನೀರಿನ ಬಾಟಲಿ ಟೆಂಟಿನ ಒಳಗೇ ಗಟ್ಟಿಯಾಗಿತ್ತು. ತೊಂದರೆ ಬೇರೆ ಥರದ್ದು. ಬೇಸಿಗೆಯ ಬಿಸಿಲು, ಮಳೆ ಎರಡೂ ಸೇರಿ ಹಳೆಯ ಹಿಮವನ್ನು ತಿಂದು ಹಾಕಿರುತ್ತವೆ. ಉಳಿದಿರುವುದು ಕೊಳೆ ಮೆತ್ತಿದ ಗಟ್ಟಿ ಐಸ್. ಬೂಟಿನಿಂದ ಒದ್ದರೆ ಮೆಟ್ಟಿಲಾಗುವುದಿಲ್ಲ, ಬೂಟೇ ಪುಟಿದು ವಾಪಸ್ ಬರುತ್ತದೆ. ಕ್ರ್ಯಾಂಪಾನಿನ ಮುಂದಿನ ಮೊಳೆಗಳನ್ನು ಊರಿ, ಅಷ್ಟರ ಮೇಲೇ ನಿಂತು, ಮುಂದಿನ ಹೆಜ್ಜೆ. ಮೀನಖಂಡ ಉರಿಯುತ್ತದೆ.

ಜಾರಿದರೆ ಆಗುವುದೂ ಬೇರೆ. ಜೂನ್ ಹಿಮದಲ್ಲಿ ಜಾರಿದವರು ಹೊಟ್ಟೆಯ ಮೇಲೆ ತಿರುಗಿ ಆಕ್ಸಿನ ಚೂಪನ್ನು ಚುಚ್ಚಿ ಮೈಭಾರ ಹಾಕಿದರೆ ನಿಲ್ಲುವ ಸಾಧ್ಯತೆ ಚೆನ್ನಾಗಿದೆ. ಗಟ್ಟಿ ಐಸಿನಲ್ಲಿ ಆಕ್ಸ್ ಕೆರೆದುಕೊಂಡು ಹೋಗುತ್ತದೆ ಅಷ್ಟೇ. ಅಲ್ಲಿ ನಿಮ್ಮನ್ನು ಉಳಿಸುವುದು ಗೈಡ್ ಐಸ್ ಸ್ಕ್ರೂ ತಿರುಗಿಸಿ ಕಟ್ಟಿದ ಹಗ್ಗ ಮಾತ್ರ.

ಬಿರುಕುಗಳು

ಹಿಮನದಿಯ ಬಿರುಕುಗಳನ್ನು ಅಲ್ಲಿ ಎಲ್ಲರೂ ಕ್ರೆವಾಸ್ ಅನ್ನುತ್ತಾರೆ. ಜೂನ್ ಆರಂಭದಲ್ಲಿ ಅವುಗಳ ಬಾಯಿ ಚಳಿಗಾಲದ ದಪ್ಪ ಹಿಮದಿಂದ ಮುಚ್ಚಿರುತ್ತದೆ. ಮುಂಜಾನೆಯ ಚಳಿಯಲ್ಲಿ ಆ ಮುಚ್ಚಳ ಸಾಮಾನ್ಯವಾಗಿ ಭಾರ ತಡೆಯುತ್ತದೆ. ತಿಂಗಳು ಮುಂದೆ ಹೋದ ಹಾಗೆ ಅದು ತೆಳುವಾಗುತ್ತದೆ. ಜೂನ್ ಕೊನೆಯನ್ನು ನಾನು ಜೂನ್ ಮೊದಲಿನ ಜೊತೆ ಸೇರಿಸದಿರುವುದು ಇದಕ್ಕೇ.

ಅಕ್ಟೋಬರ್‌ನಲ್ಲಿ ಬಾಯಿ ತೆರೆದಿರುತ್ತದೆ. ನೋಡಿದರೆ ಹೆದರಿಕೆ ಆಗುತ್ತದೆ, ಆದರೆ ಕಾಣುವುದೇ ಒಳ್ಳೆಯದು. ಸುತ್ತು ಹಾಕಿ ಹೋಗಬಹುದು. ಹೊತ್ತು ಹಿಡಿಯುತ್ತದೆ ಅಷ್ಟೇ. ನಿಜವಾದ ಅಪಾಯ ಬರುವುದು ಹೊಸ ಹಿಮ ಬಿದ್ದ ಮರುದಿನ. ಗೇಣುದ್ದ ಪುಡಿ ಹಿಮ ಎಲ್ಲವನ್ನೂ ಒಂದೇ ಬಿಳುಪು ಮಾಡಿಬಿಡುತ್ತದೆ. ಕಿರಿದಾದ ಬಿರುಕಿನ ಬಾಯಿಗೆ ಕಾಗದದಂಥ ಮುಚ್ಚಳ ಹಾಕುತ್ತದೆ. ಅಡಿಯಲ್ಲಿ ಜಾರುವ ಐಸ್, ಮೇಲೆ ಮೆತ್ತನೆಯ ಹೊದಿಕೆ. ನಾನು ನೋಡಿದ ಪರಿಸ್ಥಿತಿಗಳಲ್ಲಿ ಇದೇ ಅತಿ ಕೆಟ್ಟದ್ದು. ಅಕ್ಟೋಬರ್‌ನಲ್ಲಿ ಒಂದು ರಾತ್ರಿ ಹಿಮ ಬಿದ್ದರೆ, ಹಗ್ಗ ಕಟ್ಟಿಕೊಂಡು ಹಿಮನದಿ ದಾಟಿ ಅಭ್ಯಾಸ ಇಲ್ಲದವರು ಮೇಲೆ ಹೋಗಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಸಾಮಾನು, ಬೆಳಕು, ಚಳಿ

ಎರಡೂ ಕಾಲಕ್ಕೆ ಹಿಮದ ಬೂಟು, ಕ್ರ್ಯಾಂಪಾನ್, ಹಾರ್ನೆಸ್ (ಹಗ್ಗ ಸಿಕ್ಕಿಸಿಕೊಳ್ಳುವ ಸೊಂಟಪಟ್ಟಿ), ಹೆಲ್ಮೆಟ್, ಆಕ್ಸ್ ಬೇಕೇ ಬೇಕು. ಬೂಟಿಗೆ ಎಳೆದು ಹಾಕುವ ಸಣ್ಣ ಮೊಳೆಯ ಮೈಕ್ರೋಸ್ಪೈಕ್ ಸಾಕಲ್ವಾ ಅಂತ ಕೇಳುವವರಿದ್ದಾರೆ. ಸಾಲದು. ಅದು ಸಪಾಟು ದಾರಿಯ ಐಸಿಗೆ ಮಾಡಿದ್ದು, ಕಡಿದಾದ ಇಳಿಜಾರಿಗಲ್ಲ.

ಜೂನ್‌ನಲ್ಲಿ ಕ್ರ್ಯಾಂಪಾನ್ ಅಡಿಯಲ್ಲಿ ರಬ್ಬರ್ ಅಥವಾ ಪ್ಲಾಸ್ಟಿಕ್ ತಟ್ಟೆ ಇದೆಯಾ ಅಂತ ಬಾಡಿಗೆಗೆ ತಗೊಳ್ಳುವಾಗಲೇ ನೋಡಿ. ಇಲ್ಲದಿದ್ದರೆ ಇಳಿಯುವಾಗ ಹಸಿ ಹಿಮ ಮೊಳೆಗಳ ಮಧ್ಯೆ ಉಂಡೆ ಕಟ್ಟುತ್ತದೆ, ಮೊಳೆ ನೆಲಕ್ಕೇ ತಾಗುವುದಿಲ್ಲ. ಆಗಾಗ ಆಕ್ಸಿನ ಹಿಡಿಯಿಂದ ಬೂಟಿನ ಪಕ್ಕಕ್ಕೆ ತಟ್ಟಿ ಉದುರಿಸಬೇಕು. ಬೂಟಿನ ಬಾಯಿ ಮುಚ್ಚುವ ಹಾಗೆ ಕಾಲಿಗೆ ಕಟ್ಟುವ ಗೇಟರ್ ಕೂಡ ಜೂನ್‌ನಲ್ಲೇ ಜಾಸ್ತಿ ಉಪಯೋಗ, ಇಲ್ಲದಿದ್ದರೆ ಬೂಟಿನೊಳಗೆ ನೀರು. ಅಕ್ಟೋಬರ್‌ಗೆ ಕ್ರ್ಯಾಂಪಾನ್ ಮೊಳೆ ಚೂಪಾಗಿರಬೇಕು. ಬಾಡಿಗೆಯವು ಕಲ್ಲಿನ ಮೇಲೆ ಓಡಾಡಿ ಮೊಂಡಾಗಿರುತ್ತವೆ. ಹಿಮದಲ್ಲಿ ಹೇಗೋ ನಡೆಯುತ್ತದೆ, ಐಸಿನಲ್ಲಿ ನಡೆಯುವುದಿಲ್ಲ. ಬೆರಳಿಟ್ಟು ನೋಡಿ ತಗೊಳ್ಳಿ.

ಕಣ್ಣಿನ ವಿಷಯ ಜೂನ್‌ನಲ್ಲಿ ಹಗುರವಾಗಿ ತಗೊಳ್ಳಬೇಡಿ. ಹೊಸ ಹಿಮ ನೇರಳಾತೀತ ಕಿರಣದ 80 ಶೇಕಡಾವರೆಗೆ ವಾಪಸ್ ಎಸೆಯಬಲ್ಲದು. ಬಿಸಿಲು ಮೇಲಿನಿಂದಲೂ ಬರುತ್ತದೆ, ಕೆಳಗಿನಿಂದಲೂ ಬರುತ್ತದೆ. ಪಕ್ಕ ಮುಚ್ಚುವ ಕನ್ನಡಕ ಬೇಕು, ಮೂಗಿನ ಹೊಳ್ಳೆಯ ಅಡಿಗೂ ಸನ್‌ಸ್ಕ್ರೀನ್ ಹಚ್ಚಬೇಕು.

ಹಗಲಿನ ಉದ್ದದಲ್ಲೂ ಜೂನ್ ಮುಂದೆ. ಸುಮಾರು 14 ಗಂಟೆ ಬೆಳಕು, ಅಕ್ಟೋಬರ್ ಮಧ್ಯದಲ್ಲಿ ಹನ್ನೊಂದೂವರೆ. ಇಳಿಯುವುದು ತಡವಾದರೆ ಈ ಎರಡೂವರೆ ಗಂಟೆ ತುಂಬಾ ದೊಡ್ಡದು. ಆದರೆ ನೋಟಕ್ಕೆ ಅಕ್ಟೋಬರಿಗೆ ಸಾಟಿ ಇಲ್ಲ. ಮಳೆ ತೊಳೆದ ಗಾಳಿಯಲ್ಲಿ ಹತ್ತಿರದ ಹನುಮಾನ್ ಟಿಬ್ಬಾ ಶಿಖರದ ಒಂದೊಂದು ಗೀರೂ ಕಾಣುತ್ತದೆ. ಜೂನ್‌ನಲ್ಲಿ ಮಧ್ಯಾಹ್ನಕ್ಕೆ ಮೋಡ ಏರಿ ಎಷ್ಟೋ ಸಲ ಏನೂ ಉಳಿಯುವುದಿಲ್ಲ. ಹವಾಮಾನವೂ ಅಕ್ಟೋಬರ್‌ನಲ್ಲಿ ಜಾಸ್ತಿ ದಿನ ನೆಟ್ಟಗಿರುತ್ತದೆ, ಪಶ್ಚಿಮದಿಂದ ಹಿಮ ತರುವ ಗಾಳಿ ಬೀಸದಿದ್ದರೆ.

ಜುಲೈ, ಆಗಸ್ಟ್ ಬೇಡ. ಮಳೆ, ಭೂಕುಸಿತ, ಮೇಲೆ ಹಸಿ ಹಿಮ.

ಯಾರಿಗೆ ಯಾವುದು

ಕ್ರ್ಯಾಂಪಾನ್ ಇದೇ ಮೊದಲು ಅನ್ನುವವರು ಜೂನ್ ಮೊದಲ ಎರಡು ವಾರ ನೋಡಿ. ಅಲ್ಲಿನ ಹಿಮ ಕಲಿಯುವವರ ಕೈಹಿಡಿಯುತ್ತದೆ. ಕೆಳಗೆ ಇಳಿಜಾರು ಹಿಮದಲ್ಲಿ ಒಂದು ದಿನ ಪೂರ್ತಿ ಬಿದ್ದು ನಿಲ್ಲಿಸಿಕೊಳ್ಳುವ ಅಭ್ಯಾಸ ಮಾಡಲು ಜಾಗವೂ ಸಿಗುತ್ತದೆ. ಆ ದಿನವನ್ನು ಕತ್ತರಿಸಿ ಬೇಗ ಮುಗಿಸುವ ಪ್ಲಾನ್ ಕೊಟ್ಟರೆ ಒಪ್ಪಬೇಡಿ. ಹೊರಡುವ ಮೊದಲು ಗೈಡನ್ನು ಕೇಳಿ: ಹಿಂದಿನ ತಂಡದವರ ಕಾಲು ಎಲ್ಲಿವರೆಗೆ ಹೂತಿತ್ತು, ಎಷ್ಟು ಗಂಟೆಗೆ? ಪಾದ ಮುಳುಗುವಷ್ಟು ಅಂದರೆ ಚಿಂತೆ ಇಲ್ಲ. ಬೆಳಗಿನ ಜಾವದಲ್ಲೇ ಮೊಣಕಾಲು ಅಂದರೆ ಕಾಯಬೇಕು. ಹಾಗಾಗಿ ಪ್ಲಾನಿನಲ್ಲಿ ಒಂದು ಹೆಚ್ಚುವರಿ ದಿನ ಇರಲೇಬೇಕು, ಮೋಡದ ರಾತ್ರಿ ಬಂದರೆ ತಪ್ಪಿಸಿಕೊಳ್ಳುವುದಕ್ಕೆ.

ಮನಾಲಿಯ ಪರ್ವತಾರೋಹಣ ಸಂಸ್ಥೆಯಲ್ಲೋ ಬೇರೆ ಕಡೆಯೋ ಬೇಸಿಕ್ ಕೋರ್ಸ್ ಮಾಡಿದವರಿಗೆ, ಹಗ್ಗದ ಕೆಲಸ ಗೊತ್ತಿರುವವರಿಗೆ ಅಕ್ಟೋಬರ್ ತುಂಬಾ ಕಲಿಸುತ್ತದೆ. ಅಲ್ಲಿ ಹಿಮನದಿಯ ಮೂಳೆ ಮಾಂಸ ಎಲ್ಲಾ ಕಣ್ಣಿಗೆ ಬೀಳುತ್ತದೆ. ಮುಂದೆ 6,000 ಮೀಟರ್ ಶಿಖರಗಳಿಗೆ ಹೋಗುವ ಮನಸ್ಸಿದ್ದರೆ ಆ ಐಸಿನ ಮೇಲೆ ಕಳೆದ ಒಂದೊಂದು ಗಂಟೆಯೂ ಬೇಕಾಗುತ್ತದೆ. ಹೋಗುವುದಾದರೆ ಸೆಪ್ಟೆಂಬರ್ ಕೊನೆಯ ವಾರಕ್ಕಿಂತ ಅಕ್ಟೋಬರ್ ಮೊದಲ ವಾರ ನನಗೆ ಇಷ್ಟ. ಮಳೆಯ ಬಾಲ ಮುಗಿದಿರುತ್ತದೆ, ಚಳಿಗಾಲದ ಹೊಸ ಹಿಮ ಇನ್ನೂ ದಪ್ಪ ಕೂತಿರುವುದಿಲ್ಲ. ಐಸ್ ಸ್ಕ್ರೂ ಮತ್ತು ಸಾಕಷ್ಟು ಉದ್ದದ ಹಗ್ಗ ತಂಡದ ಸಾಮಾನಿನಲ್ಲಿದೆಯಾ ಅಂತ ಧುಂದಿಯಲ್ಲಿ ಗಾಡಿ ಇಳಿಯುವ ಮೊದಲೇ ಕಣ್ಣಾರೆ ನೋಡಿಕೊಳ್ಳಿ.