ಗುಳಿಗೆ, ಜೆಲ್, ಪಟ್ಟಿ: ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಮದ್ದು ಮೈಗೆ ಒಗ್ಗದಿದ್ದಾಗ

ಹಾರ್ಮೋನ್ ಮದ್ದು ಶುರುವಾಗಿ ಮೂರು ವಾರ ಕಳೆಯುವಷ್ಟರಲ್ಲಿ ಎದೆ (ಸ್ತನ) ಕಲ್ಲಿನಂತೆ ಬಿಗಿಯುತ್ತದೆ, ಬೆಳಗ್ಗೆ ಕಾಫಿ ಕಂಡರೆ ಓಕರಿಕೆ, ನಡುವೆ ಎರಡು ದಿನ ರಕ್ತದ ಕಲೆ ಕಾಣಿಸುತ್ತದೆ. "ಇದು ನನಗೆ ಆಗಿಬರುವುದಿಲ್ಲ" ಎಂದು ಸ್ಟ್ರಿಪ್ಪು ಕಪಾಟಿನ ಮೂಲೆ ಸೇರುತ್ತದೆ. ಆದರೆ ಗರ್ಭಕೋಶ ಇರುವವರು ತೆಗೆದುಕೊಳ್ಳುವುದು ಎರಡು ಮದ್ದು: ಸೆಕೆ, ಬೆವರು, ನಿದ್ದೆಗೇಡು ಇಳಿಸುವ ಈಸ್ಟ್ರೋಜನ್, ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗದಂತೆ ಕಾಯುವ ಪ್ರೊಜೆಸ್ಟರೋನ್. ತಂಟೆ ಯಾವುದರದ್ದು ಎಂದು ಮೊದಲು ಗೊತ್ತಾಗಬೇಕು.

ಅದಕ್ಕೆ ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರೇ ಸಾಕು. ಮುಟ್ಟು ಪೂರ್ತಿ ನಿಲ್ಲದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ದಿನವೂ, ಪ್ರೊಜೆಸ್ಟರೋನ್ ತಿಂಗಳಿಗೆ 12ರಿಂದ 14 ದಿನವೂ ಇರುತ್ತದೆ. ಎದೆ ಬಿಗಿತಕ್ಕೆ 'ಎ', ತಲೆನೋವಿಗೆ 'ತ', ಉಬ್ಬರಕ್ಕೆ 'ಉ', ಮನಸ್ಸು ಮಂಕಾದರೆ 'ಮ' ಎಂದು ಆಯಾ ದಿನದ ಚೌಕದಲ್ಲಿ ಬರೆಯಿರಿ. ಅಕ್ಷರಗಳೆಲ್ಲ ಆ 12–14 ದಿನಗಳಲ್ಲೇ ಗುಂಪುಗೂಡಿದರೆ ಬೆರಳು ಪ್ರೊಜೆಸ್ಟರೋನ್ ಕಡೆ. ತಿಂಗಳಿಡೀ ಹರಡಿದ್ದರೆ ಈಸ್ಟ್ರೋಜನ್ ಕಡೆ. ಓಕರಿಕೆ, ಎದೆ ಬಿಗಿತ, ಮೀನಖಂಡದ ಸೆಳೆತ ಹೆಚ್ಚಾಗಿ ಈಸ್ಟ್ರೋಜನ್‌ನವು. ಮಂಕು, ಸಿಡುಕು, ಮೊಡವೆ, ಉಬ್ಬರ ಪ್ರೊಜೆಸ್ಟರೋನ್‌ನವು. ಎರಡನ್ನೂ ದಿನವೂ ತೆಗೆದುಕೊಳ್ಳುವವರಿಗೆ ಈ ಉಪಾಯ ನಡೆಯದು. ಅವರು ಡಾಕ್ಟರಲ್ಲಿ ಕೇಳಿ ಒಂದನ್ನು ಮಾತ್ರ ಬದಲಾಯಿಸಿ ಎಂಟರಿಂದ ಹನ್ನೆರಡು ವಾರ ಕಾಯಬೇಕು. ಎರಡನ್ನೂ ಒಟ್ಟಿಗೆ ಬದಲಾಯಿಸಿದರೆ ಗುಣವಾದರೂ ಯಾವುದರಿಂದ ಎಂದು ಗೊತ್ತಾಗುವುದಿಲ್ಲ.

ಈಸ್ಟ್ರೋಜನ್ ಮೂರು ದಾರಿಯಲ್ಲಿ ಸಿಗುತ್ತದೆ. ಈಸ್ಟ್ರಡಯೋಲ್ (ಈಸ್ಟ್ರೋಜನ್ನಿನ ಒಂದು ಬಗೆ) ಗುಳಿಗೆ 2 ಮಿ.ಗ್ರಾಂ., ಜೆಲ್‌ನಲ್ಲಿ 1.5 ಮಿ.ಗ್ರಾಂ., ಚರ್ಮಕ್ಕೆ ಅಂಟಿಕೊಂಡು ದಿನಕ್ಕೆ 50 ಮೈಕ್ರೋಗ್ರಾಂ ಬಿಡುವ ಪಟ್ಟಿ (ಪ್ಯಾಚ್), ಇವು ಹೆಚ್ಚುಕಮ್ಮಿ ಸಮ. ಶುರುಮಾಡುವಾಗ ಇದರ ಅರ್ಧ ಸಾಕು: 1 ಮಿ.ಗ್ರಾಂ., 0.75 ಮಿ.ಗ್ರಾಂ., 25 ಮೈಕ್ರೋಗ್ರಾಂ. ಮೊದಲ ತಿಂಗಳೇ ಪೂರ್ತಿ ಪ್ರಮಾಣ ಕೊಟ್ಟಲ್ಲಿ ಎದೆ ಬಿಗಿತದ ದೂರು ಜಾಸ್ತಿ. ಅರ್ಧಕ್ಕಿಳಿಸಿ ಮೂರು ತಿಂಗಳ ಮೇಲೆ ಏರಿಸಿದರೆ ಹೆಚ್ಚಿನವರಿಗೆ ಹೊಂದಿಕೊಳ್ಳುತ್ತದೆ.

ಗುಳಿಗೆಯ ಅನುಕೂಲ ಅದರ ಸರಳತೆ. ಅಗ್ಗ, ಪೇಟೆಯ ಹೆಚ್ಚಿನ ಮೆಡಿಕಲ್‌ಗಳಲ್ಲಿ ಸಿಗುತ್ತದೆ, ಬೆವರಿನ ರಗಳೆ ಇಲ್ಲ. ಓಕರಿಕೆ ಬಂದರೆ ಬೆಳಗ್ಗಿನದನ್ನು ರಾತ್ರಿ ಊಟದ ಮೇಲಕ್ಕೆ ಸರಿಸಿ, ಕೆಲವರಿಗೆ ಅಷ್ಟೇ ಸಾಕಾಗುತ್ತದೆ. ತೊಡಕಿರುವುದು ಯಕೃತ್ತಿನಲ್ಲಿ. ನುಂಗಿದ ಈಸ್ಟ್ರೋಜನ್ ಹೊಟ್ಟೆಯಿಂದ ನೇರ ಅಲ್ಲಿಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳೂ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬೂ ಏರುತ್ತವೆ, ಪಿತ್ತಕಲ್ಲಿನ ಸಾಧ್ಯತೆಯೂ ಹೆಚ್ಚುತ್ತದೆ. ದಪ್ಪ ಮೈ, ಬೀಡಿ-ಸಿಗರೇಟಿನ ಅಭ್ಯಾಸ, ಅರೆತಲೆನೋವು, ಟ್ರೈಗ್ಲಿಸರೈಡ್ ಹೆಚ್ಚಿರುವವರು ಇದನ್ನು ಬಿಟ್ಟು ಚರ್ಮದ ದಾರಿ ಹಿಡಿಯುವುದು ಮೇಲು. ಥೈರಾಯ್ಡ್ ಗುಳಿಗೆ ನುಂಗುವವರಿಗೆ ಇನ್ನೊಂದು ಮಾತು: ಈಸ್ಟ್ರೋಜನ್ ಗುಳಿಗೆ ಶುರುಮಾಡಿದರೆ ಥೈರಾಕ್ಸಿನ್ ಸಾಲದೆ ಹೋಗಬಹುದು. ಆರರಿಂದ ಹನ್ನೆರಡು ವಾರಕ್ಕೆ ಥೈರಾಯ್ಡಿನ ರಕ್ತಪರೀಕ್ಷೆಯಾದ ಟಿಎಸ್‌ಎಚ್ ನೋಡಿಸಿ. "ಹಾರ್ಮೋನ್ ತಗೊಂಡ ಮೇಲೆ ಸುಸ್ತು ಜಾಸ್ತಿಯಾಯ್ತು" ಎನ್ನುವ ದೂರಿನ ಹಿಂದೆ ಕೆಲವೊಮ್ಮೆ ಇದೇ ಇರುತ್ತದೆ.

ಜೆಲ್ ಚರ್ಮದಿಂದ ನೇರ ರಕ್ತ ಸೇರುವುದರಿಂದ ಸಾಮಾನ್ಯ ಪ್ರಮಾಣದಲ್ಲಿ ಹೆಪ್ಪಿನ ಅಪಾಯ ಏರಿದ್ದು ಕಂಡುಬಂದಿಲ್ಲ, ಥೈರಾಯ್ಡ್ ಲೆಕ್ಕವೂ ತಪ್ಪುವುದಿಲ್ಲ. ಪ್ರಮಾಣವನ್ನು ಸಣ್ಣ ಸಣ್ಣ ಮೆಟ್ಟಿಲಲ್ಲಿ ಏರಿಸಿ ಇಳಿಸಲೂ ಬರುತ್ತದೆ. ಶೇಕಡಾ 0.06ರ ಜೆಲ್ ಆದರೆ 1.25 ಗ್ರಾಂ.ನಲ್ಲಿ 0.75 ಮಿ.ಗ್ರಾಂ., 2.5 ಗ್ರಾಂ.ನಲ್ಲಿ 1.5 ಮಿ.ಗ್ರಾಂ. ಅಳತೆಪಟ್ಟಿ ಬಿಟ್ಟು ಕಣ್ಣಂದಾಜಿನಲ್ಲಿ ಹಿಂಡುವುದೇ ಇಲ್ಲಿನ ದೊಡ್ಡ ತಪ್ಪು. ಒಂದು ದಿನ ಕಡಲೆಬೇಳೆಯಷ್ಟು, ಮರುದಿನ ಹುಣಸೆಬೀಜದಷ್ಟು ಹಚ್ಚಿ "ಸೆಕೆ ಒಮ್ಮೆ ಬರುತ್ತದೆ, ಒಮ್ಮೆ ಇಲ್ಲ" ಎಂದರೆ ಏನು ಮಾಡುವುದು?

ಕಾಸರಗೋಡಿನಂಥ ಕಡೆ ಹೊತ್ತು ನೋಡಿ ಹಚ್ಚಬೇಕು. ಏಪ್ರಿಲ್-ಮೇಯಲ್ಲಿ ಬೆಳಗ್ಗೆ ಹಚ್ಚಿ ತೋಟಕ್ಕೋ ಅಡಿಕೆ ಸುಲಿಯಲೋ ಹೋದರೆ ಬೆವರಿನಲ್ಲೇ ಕರಗುತ್ತದೆ. ಸಂಜೆ ಮಿಂದು, ಮೈ ಪೂರ್ತಿ ಒರೆಸಿ, ಫ್ಯಾನಿನಡಿ ಐದು ನಿಮಿಷ ಕುಳಿತ ಮೇಲೆ ತೋಳಿನ ಹೊರಬದಿಗೋ ತೊಡೆಗೋ ತೆಳ್ಳಗೆ, ಅಗಲವಾಗಿ ಸವರಿ. ಉಜ್ಜುವುದು ಬೇಡ. ತೆಂಗಿನೆಣ್ಣೆ ಹಚ್ಚಿದ ಚರ್ಮಕ್ಕೆ ಜೆಲ್ ಹಿಡಿಯುವುದಿಲ್ಲ. ಎಣ್ಣೆಸ್ನಾನದ ದಿನ ಸೋಪಿನಿಂದ ತೋಳು ಚೆನ್ನಾಗಿ ತೊಳೆದುಕೊಳ್ಳಿ. ಎದೆಗೆ ಎಂದೂ ಹಚ್ಚಬಾರದು. ಹಚ್ಚಿದ ಕೂಡಲೇ ಕೈ ಸೋಪಿನಲ್ಲಿ ತೊಳೆಯಿರಿ, ಜೆಲ್ ಐದು ನಿಮಿಷದಲ್ಲಿ ಒಣಗುತ್ತದೆ, ಹಚ್ಚಿದ ಜಾಗ ಒಂದು ಗಂಟೆ ನೆನೆಯಬಾರದು. ಜೆಲ್‌ನಲ್ಲಿ ಆಲ್ಕೋಹಾಲ್ ಇದೆ, ಒಣಗುವ ತನಕ ಒಲೆಯ ಹತ್ತಿರ ಹೋಗಬೇಡಿ. ಮೊಮ್ಮಕ್ಕಳನ್ನು ಎತ್ತಿಕೊಳ್ಳುವ ತೋಳಿಗೆ ಬದಲು ತೊಡೆಗೇ ಹಚ್ಚಿ. ಮಗುವಿನ ಚರ್ಮಕ್ಕೆ ದಿನವೂ ತಾಗಿದರೆ ಆ ವಯಸ್ಸಿನಲ್ಲೇ ಎದೆ ಮೊಳೆಯುವಂಥ ಪರಿಣಾಮ ಆಗಬಹುದು.

ಪಟ್ಟಿಯದ್ದು ಕಾಗದದ ಮೇಲೆ ಎಲ್ಲಕ್ಕಿಂತ ಚಂದ: ವಾರಕ್ಕೆ ಎರಡು ಸಲ ಬದಲಾಯಿಸಿದರೆ ಮುಗಿಯಿತು (ವಾರಕ್ಕೊಮ್ಮೆ ಬದಲಾಯಿಸುವವೂ ಇವೆ), ಮದ್ದು ಏರುಪೇರಿಲ್ಲದೆ ಇಳಿಯುವುದರಿಂದ ಅರೆತಲೆನೋವಿನವರಿಗೆ ಹಿತ. ನಮ್ಮ ಹವೆಗೆ ಮಾತ್ರ ಅದು ಸೋಲುತ್ತದೆ. ಎರಡನೇ ದಿನಕ್ಕೆ ಅಂಚು ಮೇಲೇಳುತ್ತದೆ, ಲಂಗದ ನೂಲು, ಪೌಡರು ಸೇರಿ ಸುತ್ತ ಕಪ್ಪು ಗೆರೆ ಕಟ್ಟುತ್ತದೆ, ಅಡಿಯಲ್ಲಿ ತುರಿಕೆ. ಲಾಡಿ ಕಟ್ಟುವ ಜಾಗ ಬಿಟ್ಟು ಪೃಷ್ಠದ ಮೇಲ್ಭಾಗಕ್ಕೆ ಅಂಟಿಸಿ ಹತ್ತು ಸೆಕೆಂಡು ಅಂಗೈಯಿಂದ ಒತ್ತಿದರೆ ಹೆಚ್ಚು ನಿಲ್ಲುತ್ತದೆ. ಪ್ರತಿಸಲ ಜಾಗ ಬದಲಿಸಿ. ಕಿತ್ತುಬಂದರೆ ಹೊಸದು ಹಾಕಿ, ಬದಲಾಯಿಸುವ ದಿನ ಮಾತ್ರ ಮೊದಲಿನದೇ ಇರಲಿ. ಚರ್ಮಕ್ಕಂಟಿದ ಗೋಂದು ತೆಗೆಯಲು ತೆಂಗಿನೆಣ್ಣೆಯೇ ಒಳ್ಳೆಯದು. ಅಂಟಿಸುವಾಗ ಶತ್ರು, ಕೀಳುವಾಗ ಮಿತ್ರ. ಪೇಟೆಯಲ್ಲಿ ಎಲ್ಲ ಕಡೆ ಸಿಗುವುದೂ ಇಲ್ಲ. ತಪ್ಪದೆ ತರಿಸಿಕೊಡುವವರು ಇದ್ದು, ತಂಪಾದ ಕೋಣೆಯಲ್ಲಿ ಕೂತು ಮಾಡುವ ಕೆಲಸವಾದರೆ ಆಗಬಹುದು. ಉಳಿದವರಿಗೆ ಜೆಲ್ಲೇ ಮೇಲು.

ಇನ್ನು ಪ್ರೊಜೆಸ್ಟರೋನ್, ಅದರದ್ದೇ ಕೆಲಸ ಮಾಡುವ ಆ ಗುಂಪಿನ ಬೇರೆ ಮದ್ದುಗಳೂ ಸೇರಿ. ಹೆಚ್ಚಿನ ಜಗಳ ಇದರದ್ದೇ. ಹಾರ್ಮೋನ್ ಮದ್ದಿನಿಂದ ಸ್ತನ ಕ್ಯಾನ್ಸರ್, ಹೃದಯದ ಕಾಯಿಲೆ ಹೆಚ್ಚುತ್ತದೆ ಎಂದು 2002ರಲ್ಲಿ ಜಗತ್ತನ್ನೇ ಹೆದರಿಸಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಕೊಟ್ಟದ್ದು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ 0.625 ಮಿ.ಗ್ರಾಂ., ಜತೆಗೆ ಈ ಗುಂಪಿನ ಕೃತಕ ಮದ್ದಾದ ಮೆಡ್ರಾಕ್ಸಿಪ್ರೊಜೆಸ್ಟರೋನ್ 2.5 ಮಿ.ಗ್ರಾಂ.; ಸೇರಿದವರ ಸರಾಸರಿ ವಯಸ್ಸು 63. ಮುಟ್ಟು ನಿಂತ ಹತ್ತು ವರ್ಷದೊಳಗೆ, 60ಕ್ಕೆ ಮೊದಲು ಶುರುಮಾಡುವವರ ಲೆಕ್ಕ ಬೇರೆ. ಎರಡೂ ಸೇರಿದ ಮದ್ದನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಸಾಧ್ಯತೆ ಸ್ವಲ್ಪ ಏರುತ್ತದೆ ಎಂಬುದು ಮಾತ್ರ ಈಗಲೂ ನಿಂತಿದೆ.

ಮೈಕ್ರೋನೈಸ್ಡ್ (ತೀರಾ ನುಣ್ಣಗೆ ಪುಡಿಮಾಡಿದ) ಪ್ರೊಜೆಸ್ಟರೋನ್ ಕ್ಯಾಪ್ಸೂಲ್ ಮನಸ್ಸಿಗೂ ಎದೆಗೂ ಸೌಮ್ಯ. ದಿನವೂ ಆದರೆ 100 ಮಿ.ಗ್ರಾಂ., ತಿಂಗಳಿಗೆ 12–14 ದಿನವಾದರೆ 200 ಮಿ.ಗ್ರಾಂ. ನಿದ್ದೆ ತರುತ್ತದೆ, ನಿದ್ದೆಗೇಡಿನವರಿಗೆ ಅದೇ ಲಾಭ. ಊಟದೊಂದಿಗೆ ನುಂಗಿದರೆ ರಕ್ತಕ್ಕೆ ಸೇರುವುದು ಹೆಚ್ಚಾಗಿ ತಲೆ ತಿರುಗುತ್ತದೆ, ಊಟವಾಗಿ ಎರಡು ಗಂಟೆ ಬಿಟ್ಟು ಮಲಗುವಾಗ ನುಂಗಿ. ಬೆಳಗ್ಗೆ ಐದಕ್ಕೆ ಹಟ್ಟಿಗೆ ಹೋಗಿ ಹಾಲು ಕರೆಯುವವರು ಒಂಬತ್ತಕ್ಕೇ ಮಲಗಿದರೆ ಮಂಪರು ಉಳಿಯದು. ಆದರೂ ತೂಕಡಿಕೆ ಬಿಡದಿದ್ದರೆ ಡಾಕ್ಟರಲ್ಲಿ ಕೇಳಿ ಅದೇ ಕ್ಯಾಪ್ಸೂಲನ್ನು ಯೋನಿಯೊಳಗೆ ಇಡಬಹುದು. ಬೆಳಗ್ಗೆ ಎಣ್ಣೆಯಂತೆ ಸೋರುವುದೊಂದೇ ಕಿರಿಕಿರಿ. ಕೆಲವು ಕ್ಯಾಪ್ಸೂಲಿನೊಳಗೆ ನೆಲಗಡಲೆ ಎಣ್ಣೆ ಇರುತ್ತದೆ, ಅಲರ್ಜಿ ಇದ್ದವರು ನೋಡಿಕೊಳ್ಳಿ. ಡೈಡ್ರೊಜೆಸ್ಟರೋನ್ 10 ಮಿ.ಗ್ರಾಂ. ತೂಕಡಿಕೆ ತರುವುದಿಲ್ಲ, ಕಲೆಯನ್ನು ಚೆನ್ನಾಗಿ ಹಿಡಿದಿಡುತ್ತದೆ. ಹಗಲು ಗಾಡಿ ಓಡಿಸುವವರಿಗೆ ನಮ್ಮ ಮತ ಇದಕ್ಕೆ. ಪೂಜೆ, ನೇಮ, ಮದುವೆ ಎಂದು ಮುಟ್ಟು ಮುಂದೂಡಲು ಎಲ್ಲರೂ ಬಲ್ಲ ನೊರೆಥಿಸ್ಟರೋನ್ ರಕ್ತ ನಿಲ್ಲಿಸುವುದರಲ್ಲಿ ಗಟ್ಟಿ, ಮೊಡವೆ-ಸಿಡುಕಿನಲ್ಲೂ ಗಟ್ಟಿ. ಯಾವುದೂ ಆಗದವರಿಗೆ ಲೆವೊನೋರ್ಜೆಸ್ಟ್ರೆಲ್ 52 ಮಿ.ಗ್ರಾಂ. ಇರುವ ಗರ್ಭಕೋಶದ ಸಾಧನ ಐದು ವರ್ಷ ಕಾಯುತ್ತದೆ. ಉಬ್ಬರ ತಾಳಲಾರದೆ ಪ್ರೊಜೆಸ್ಟರೋನನ್ನು ಮಾತ್ರ ಬಿಟ್ಟು ಈಸ್ಟ್ರೋಜನ್ ಮುಂದುವರಿಸುವುದು ಎಲ್ಲಕ್ಕಿಂತ ಕೆಟ್ಟ ಹೊಂದಾಣಿಕೆ, ಅದು ಒಳಪದರದ ಕ್ಯಾನ್ಸರಿಗೆ ದಾರಿ. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಇದು ಬೇಕಾಗುವುದೇ ಇಲ್ಲ.

ಕೊನೆಯ ಮುಟ್ಟಾಗಿ ವರ್ಷ ತುಂಬುವ ಮೊದಲೇ ಎರಡನ್ನೂ ದಿನವೂ ಶುರುಮಾಡಿದರೆ ಹೊತ್ತುಗೊತ್ತಿಲ್ಲದೆ ಕಲೆ ಕಾಣಿಸುತ್ತಲೇ ಇರುತ್ತದೆ. ಅಂಥವರು ಪ್ರೊಜೆಸ್ಟರೋನ್ 12–14 ದಿನ ಮಾತ್ರ ಇರುವ ತಿಂಗಳ ಕ್ರಮಕ್ಕೆ ಮರಳಬೇಕು. ಈಸ್ಟ್ರೋಜನ್ ಏರಿಸಿದ ಮೇಲೆ ರಕ್ತ ಕಂಡರೆ 100 ಮಿ.ಗ್ರಾಂ. ಪ್ರೊಜೆಸ್ಟರೋನ್ ಸಾಲುತ್ತಿಲ್ಲವೇನೋ ಎಂದು ಕೇಳಿ. ಮೊದಲ ಮೂರರಿಂದ ಆರು ತಿಂಗಳ ಕಲೆ ಸಹಜ. ಅದರಾಚೆ ಮುಂದುವರಿದರೆ, ನಿಂತದ್ದು ಮತ್ತೆ ಬಂದರೆ, ಹೆಚ್ಚು ಹೋದರೆ ಸ್ಕ್ಯಾನ್ ಮಾಡಿಸಿ ಒಳಪದರದ ದಪ್ಪ ಅಳೆಸಲೇಬೇಕು. ಒಂದೇ ಕಾಲಿನ ಊತ-ನೋವು, ಎದೆಯೊಳಗಿನ ನೋವು (ಸ್ತನದ್ದಲ್ಲ), ಉಸಿರಾಟದ ಕಷ್ಟ, ಮಾತು ತೊದಲುವುದು ಕಂಡರೆ ಮದ್ದು ನಿಲ್ಲಿಸಿ ಅದೇ ಗಳಿಗೆ ಆಸ್ಪತ್ರೆಗೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಹೃದಯಾಘಾತ, ಯಕೃತ್ತಿನ ಕಾಯಿಲೆ ಆದವರು ತಾವಾಗಿ ಇದಕ್ಕೆ ಕೈಹಾಕಬಾರದು.

ಟಿಬೊಲೋನ್ 2.5 ಮಿ.ಗ್ರಾಂ. ಒಂದೇ ಗುಳಿಗೆಯಲ್ಲಿ ಎರಡರ ಕೆಲಸ ಮಾಡುತ್ತದೆ, ಕಾಮಾಸಕ್ತಿ ಕುಗ್ಗಿದವರಿಗೆ ಒಳ್ಳೆಯದು. 60 ದಾಟಿದವರಿಗೆ ಪಾರ್ಶ್ವವಾಯುವಿನ ಅಪಾಯ ಹೆಚ್ಚು, ಬೇಡ.

ಸೆಕೆ ಇಲ್ಲ, ಕೆಳಗೆ ಉರಿ, ಒಣಗುವಿಕೆ, ಪದೇಪದೇ ಮೂತ್ರದ ಸೋಂಕು ಮಾತ್ರ ಎನ್ನುವವರಿಗೆ ಮೇಲಿನ ಯಾವುದೂ ಬೇಕಿಲ್ಲ. ಈಸ್ಟ್ರಿಯೋಲ್ ಎಂಬ ಇನ್ನೊಂದು ಬಗೆಯ ಈಸ್ಟ್ರೋಜನ್ 0.5 ಮಿ.ಗ್ರಾಂ. ಇರುವಷ್ಟು ಕ್ರೀಮ್ ಯೋನಿಯೊಳಗೆ ಎರಡು ವಾರ ರಾತ್ರಿ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಜತೆಗೆ ಪ್ರೊಜೆಸ್ಟರೋನ್ ಬೇಡ.

ಡಾಕ್ಟರ ಚೀಟಿ ಮಂಗಳೂರಿನದ್ದು, ಮದ್ದು ಕೊಳ್ಳುವುದು ಉಪ್ಪಳದಲ್ಲೋ ಬದಿಯಡ್ಕದಲ್ಲೋ ಎನ್ನುವವರು ಒಂದು ನೋಡಿಕೊಳ್ಳಿ. ಬರೆದ ಕಂಪೆನಿಯದ್ದು ಇಲ್ಲದಿದ್ದರೆ ಬೇರೆ ಕೊಡುತ್ತಾರೆ, ಅದು ತಪ್ಪಲ್ಲ. ಒಳಗಿನ ಮದ್ದು ಅದೇ ಇರಬೇಕು. ಈಸ್ಟ್ರಡಯೋಲ್, ಈಸ್ಟ್ರಿಯೋಲ್ ಕಿವಿಗೆ ಒಂದೇ, ಕೆಲಸ ಬೇರೆ. ಕುದುರೆ ಮೂಲದ 0.625ನ್ನು ಈಸ್ಟ್ರಡಯೋಲ್‌ನ 2ರ ಪಕ್ಕ ಇಟ್ಟು "ಕಡಿಮೆ ಪವರಿನದ್ದು" ಎಂದುಕೊಳ್ಳಬೇಡಿ, ಅವುಗಳ ಅಳತೆಗೋಲೇ ಬೇರೆ. ಹತ್ತೇ ಗುಳಿಗೆ ಸಾಕೆಂದು ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ತಾರೀಕು ಇರುವ ತುದಿ ಅಂಗಡಿಯಲ್ಲೇ ಉಳಿಯುತ್ತದೆ. ಆ ತುದಿಯನ್ನೇ ಕೇಳಿ ಪಡೆದು, ಕ್ಯಾಲೆಂಡರಿನ ಹಾಳೆಯೊಟ್ಟಿಗೆ ಇಟ್ಟುಕೊಳ್ಳಿ.