ಕಾಡುಹಂದಿ, ಮೊಲ, ನರಿ ಕಾಟ ತಡೆಯೋ ಕೋರ್ಸು: ಸರ್ಟಿಫಿಕೇಟ್ 3 ಸಾಕಾ, ಡಿಪ್ಲೊಮಾನೇ ಬೇಕಾ?

ಆಸ್ಟ್ರೇಲಿಯಾದಲ್ಲಿರೋ ನಮ್ಮ ಹುಡುಗ್ರು ಯಾರಾದ್ರೂ ಈ ಲೈನಿಗೆ ಹೋಗೋ ಯೋಚನೇಲಿದ್ರೆ ಇದನ್ನ ಓದ್ಕೊಳ್ಳಿ.

ಸರ್ಟಿಫಿಕೇಟ್ 3 (ಅಲ್ಲಿನ ವೃತ್ತಿ ತರಬೇತಿಯ ಒಂದು ಹಂತ, ಡಿಪ್ಲೊಮಾ ಅದಕ್ಕಿಂತ ಮೇಲಿನದು) ಅಂದ್ರೆ ಮೈ ಬಗ್ಗಿಸೋ ಕೆಲ್ಸ. ಬೇಲಿ ಪಕ್ಕ ನಡೀತಾ ಮೊಲದ ಹಿಕ್ಕೆ ನೋಡೋದು, ಬಿಲದ ಬಾಯಲ್ಲಿ ಮಣ್ಣು ಹೊಸದಾಗಿ ಕೆದರಿದ್ಯಾ ಅಂತ ಕೂತು ನೋಡೋದು, ಬೋನು ಇಡೋದು, ವಿಷದ ಬೇಟ್ ಅಂದ್ರೆ ವಿಷ ಬೆರೆಸಿದ ತಿನಿಸು ಹಾಕೋದು (ಇದಕ್ಕೆ ಬಳಸೋ 1080 ಅನ್ನೋ ಹೆಸರಿನ ವಿಷ ಮುಟ್ಬೇಕು ಅಂದ್ರೆ ಆಯಾ ರಾಜ್ಯದ ರೂಲ್ಸ್ ಬೇರೆ ಇದಾವೆ, ಹುಡುಗಾಟ ಅಲ್ಲ).

ಡಿಪ್ಲೊಮಾ ಪ್ಲಾನಿಂಗ್ ಮಾಡೋರಿಗೆ. ಎಷ್ಟು ನಷ್ಟ ಆಗ್ತಿದೆ, ದುಡ್ಡು ಎಲ್ಲಿ ಹಾಕ್ಬೇಕು, ಅಕ್ಕಪಕ್ಕದ ಜಮೀನಿನೋರನ್ನೆಲ್ಲ ಹೆಂಗೆ ಒಪ್ಪಿಸ್ಬೇಕು ಇವೇ ಅದ್ರಲ್ಲಿ ಜಾಸ್ತಿ, ಯಾಕಂದ್ರೆ ನೀವೊಬ್ರೇ ಹಂದಿ ಓಡಿಸಿದ್ರೆ ಪಕ್ಕದ ಹೊಲದಿಂದ ಮತ್ತೆ ಬಂದೇ ಬರ್ತವೆ. 1950ರಲ್ಲಿ ಅಲ್ಲಿ ಮೊಲ ಕಡಿಮೆ ಮಾಡೋಕೆ ಅಂತ ಮಿಕ್ಸೊಮಾ ಅನ್ನೋ, ಮೊಲಗಳಿಗೆ ರೋಗ ತರೋ ವೈರಸ್ ಬಿಟ್ಟಾಗ ಮೊಲಗಳು ರಾಶಿ ರಾಶಿ ಸತ್ವು, ಆದ್ರೆ ಉಳಿದವುಗಳ ಸಂತಾನದಲ್ಲಿ ರೋಗ ತಡ್ಕೊಳ್ಳೋ ಶಕ್ತಿ ಬೆಳೆದು ಮತ್ತೆ ಹೆಚ್ಕೊಂಡ್ವು. ಒಂದೇ ಮದ್ದು ನಂಬ್ಕೊಂಡು ಕೂರ್ಬಾರ್ದು ಅನ್ನೋ ಲೆಕ್ಕಾಚಾರ ಡಿಪ್ಲೊಮಾದ್ದು.

ನನ್ನ ಕೇಳಿದ್ರೆ ಬಿಲ, ಬೋನು ನೋಡದೇ ಇರೋರು ಮೊದ್ಲು ಸರ್ಟಿಫಿಕೇಟ್ 3 ಮಾಡಿ. ಆಗ್ಲೇ ಫಾರ್ಮಲ್ಲೋ ಪಾರ್ಕಲ್ಲೋ ಕೆಲ್ಸ ಮಾಡಿ ಪಳಗಿರೋರಾದ್ರೆ ಸೀದಾ ಡಿಪ್ಲೊಮಾ ಬಗ್ಗೆ ವಿಚಾರಿಸಿ.