ಪ್ರೇಮದ ಜೊತೆ ಭಯ: ಒಂದೇ ಪುಸ್ತಕವೋ, ಉದ್ದದ ಸರಣಿಯೋ?

ಅಮೆರಿಕದ ಲೇಖಕಿ ನೋರಾ ರಾಬರ್ಟ್ಸ್ ಅವರ ಪ್ರೇಮ-ಸಸ್ಪೆನ್ಸ್ ಕಾದಂಬರಿಗಳನ್ನು ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. 2012ರ 'ದಿ ವಿಟ್ನೆಸ್' ಇದೆ, ಅವರೇ ಜೆ.ಡಿ. ರಾಬ್ ಅನ್ನೋ ಕಾವ್ಯನಾಮದಲ್ಲಿ ಬರೆಯುವ, 1995ರಿಂದ ಬರುತ್ತಿರುವ 'ಇನ್ ಡೆತ್' ಸರಣಿಯೂ ಇದೆ.

ಸಮಯ, ದುಡ್ಡು ಕಡಿಮೆಯಿದ್ದರೆ ಮೊದಲನೆಯದು. ಒಂದೇ ಪುಸ್ತಕ, ಕಥೆ ಪೂರ್ತಿ. ಸರಣಿಯಲ್ಲಿ 50ಕ್ಕೂ ಜಾಸ್ತಿ ಪುಸ್ತಕಗಳಿವೆ, ಆದರೆ ಒಂದೊಂದರ ಕೊಲೆ ತನಿಖೆ ಅಲ್ಲಲ್ಲೇ ಮುಗಿಯುತ್ತದೆ.

ಪ್ರೇಮದ ವಿಷಯಕ್ಕೆ ಬಂದರೆ ನಿಜವಾದ ವ್ಯತ್ಯಾಸ ಕಾಣುತ್ತದೆ. 'ವಿಟ್ನೆಸ್'ನ ನಾಯಕಿ ಹದಿಹರೆಯದಲ್ಲಿ ರಷ್ಯನ್ ಮಾಫಿಯಾದವರು ಮಾಡಿದ ಕೊಲೆ ಕಂಡವಳು. ವರ್ಷಗಳ ನಂತರ ಹೆಸರು ಬದಲಿಸಿ, ಬಂದೂಕು, ಕ್ಯಾಮೆರಾ, ದೊಡ್ಡ ನಾಯಿ ಇಟ್ಟುಕೊಂಡು ಬದುಕುತ್ತಾಳೆ. ಊರಿನ ಪೊಲೀಸ್ ಮುಖ್ಯಸ್ಥನನ್ನು ನಂಬೋದೇ ಅವಳಿಗೆ ದೊಡ್ಡ ಸಾಹಸ. ಆ ನಂಬಿಕೆ ನಿಧಾನವಾಗಿ ಬೆಳೆಯೋದು ನನಗೆ ತುಂಬಾ ಇಷ್ಟ. ಸರಣಿಯಲ್ಲಿ ಪೊಲೀಸ್ ಅಧಿಕಾರಿ ಈವ್, ಶ್ರೀಮಂತ ರೋರ್ಕ್ ಮದುವೆಯ ನಂತರವೂ ಜಗಳವಾಡುತ್ತಾ ಬೆಳೆಯುತ್ತಾರೆ. ದಾಂಪತ್ಯ ಓದಬೇಕು ಅನ್ನೋರಿಗೆ ಇದೇ ಸರಿ.

ಕ್ರೌರ್ಯ ಸಹಿಸೋದು ಕಷ್ಟ ಅಲ್ವಾ? ಹಾಗಿದ್ದರೆ ಸರಣಿ ಬೇಡ. ಈವ್‌ಳ ಬಾಲ್ಯದ ದೌರ್ಜನ್ಯ ಮತ್ತೆ ಮತ್ತೆ ಬರುತ್ತದೆ.